ಹೆಂಡತಿ ಓಡುವುದಿಲ್ಲ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಅಣ್ಣನ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಮುಂದಿನ ಕೋಣೆಯಲ್ಲಿ ಅಣ್ಣ ಕಣ್ಣು ಪರೀಕ್ಷೆ ಮಾಡಿ ನಂಬರು ಬರೆಯುವನು. ಹಿಂದಿನ ಕೋಣೆಯಲ್ಲಿ ಅವಳು ತಿರುಗುವ ಕಲ್ಲಿಗೆ ಗಾಜು ಹಿಡಿದು, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವಳು. ಕಲ್ಲಿನ ಮೇಲೆ ನೀರು ಸಣ್ಣಗೆ ತೊಟ್ಟಿಕ್ಕುತ್ತಲೇ ಇರಬೇಕು, ಇಲ್ಲದಿದ್ದರೆ ಗಾಜು ಕಾದು ಬಿರಿಯುತ್ತದೆ. ಪಕ್ಕದಲ್ಲಿ ಬಿಸಿ ಮರಳಿನ ತಟ್ಟೆ. ಫ್ರೇಮಿನ ಕಡ್ಡಿಯನ್ನು ಅದರಲ್ಲಿ ಹೂತು ಮೆದು ಮಾಡಿ, ಗಿರಾಕಿಯ ಕಿವಿಯ ಹಿಂದಕ್ಕೆ ಒಪ್ಪುವಂತೆ ಬಾಗಿಸುವುದರಲ್ಲಿ ಅವಳ ಕೈ ಪಳಗಿತ್ತು.

ಚಾಳೀಸಿಗೆ ಬಂದವರ ಕೈಗೆ ಓದಿ ನೋಡಲು ಅಕ್ಷರ ಅಚ್ಚಾದ ಒಂದು ರಟ್ಟು ಕೊಡುವುದು ಆ ಅಂಗಡಿಯ ವಾಡಿಕೆ. ಒಂದು ದಿನ ರಟ್ಟು ಎಲ್ಲೋ ಕಳೆದುಹೋಗಿ, ಅವಳು ತಾನು ಓದುತ್ತಿದ್ದ ಪತ್ತೇದಾರಿ ಕಾದಂಬರಿಯನ್ನೇ ಕೊಟ್ಟಳು. ಅವತ್ತು ಬಂದಿದ್ದವನು ಬಸ್ ಕಂಡಕ್ಟರಾಗಿ ನಿವೃತ್ತನಾದ ಮನುಷ್ಯ. ಹೊಸ ಕನ್ನಡಕ ಹಾಕಿಕೊಂಡು ಒಂದು ಪುಟ ಓದಿದ, ತಿರುವಿದ, ಇನ್ನೊಂದು ಓದಿದ. ಅಕ್ಷರ ಸ್ಪಷ್ಟ ಕಾಣಿಸುತ್ತಿದೆಯೇ ಎಂದು ಅಣ್ಣ ಕೇಳಿದರೆ, "ಸ್ವಲ್ಪ ತಡೀರಿ, ಬೀರು ಒಳಗೆ ಯಾರೋ ಇದಾರೆ" ಎಂದ. ಪುಸ್ತಕವನ್ನು ಮನೆಗೇ ಒಯ್ದ. ಹಿಂದಿರುಗಿಸಲು ಬಂದವನು ಒಳಕೋಣೆಯ ಸ್ಟೂಲಿನ ಮೇಲೆ ಕೂತು, ಬರೆದವನು ತಪ್ಪು ಮನುಷ್ಯನನ್ನು ಹಿಡಿಸಿದ್ದಾನೆ ಎಂದು ಅವಳೊಡನೆ ವಾದಕ್ಕೆ ಇಳಿದ.

ಅಲ್ಲಿಂದ ಶುರುವಾಯಿತು. ಗಿರಾಕಿಗಳು ಕಡಿಮೆ ಇರುವ ಗುರುವಾರದ ಮಧ್ಯಾಹ್ನ ಕಂಡಕ್ಟರ್ ಬರುವನು. ಅವಳು ಗಾಜು ಉಜ್ಜುತ್ತಲೇ ಮಾತಾಡುವಳು.

"ಇದೇನಕ್ಕ, ಪುಸ್ತಕದ ತುಂಬ ಬರೀ ಮಂಜು. ಹೆಣ ಸಿಗೋ ಹೊತ್ತಿಗೆ ನನಗೇ ನೆಗಡಿ ಆಯ್ತು" ಎನ್ನುವನು.

"ನಮ್ಮತ್ತೆಗೆ ಅದೇ ಇಷ್ಟ ಆಯ್ತು" ಎನ್ನುವಳು ಅವಳು.

ಅತ್ತೆ ಅಂಗಡಿಗೆ ಬಂದವರಲ್ಲ. ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಮಸಕಾದ ಮೇಲೆ ಸೊಸೆಯೇ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದಳು. ಅವರ ಅಭಿಪ್ರಾಯ ಮಾತ್ರ ಪ್ರತಿ ಗುರುವಾರ ಅಂಗಡಿಗೆ ಬರುತ್ತಿತ್ತು. ಯಾವ ಕಾದಂಬರಿಯಾದರೂ ಅತ್ತೆಯ ಗುಮಾನಿ ಪತ್ತೇದಾರನ ಮೇಲೆಯೇ. "ಎಲ್ಲಾ ಗೊತ್ತಿರೋನು ಅವನೊಬ್ಬನೇ ತಾನೆ? ಹಾಗಾದ್ರೆ ಅವನೇ ಮಾಡಿರ್ಬೇಕು" ಎನ್ನುವರು. ಇದನ್ನು ಕೇಳಿ ಕಂಡಕ್ಟರ್ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವನು.

ಕೆಲವು ತಿಂಗಳ ಮೇಲೆ ಇನ್ನೊಬ್ಬರು ಸೇರಿದರು. ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾಗಿ, ಹೊಸದಾಗಿ ಆ ಬೀದಿಗೆ ಮನೆ ಮಾಡಿದವರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನೇರ ಮಾತಿನ ಹೆಂಗಸು. ವಿಷ ಕುಡಿದವನು ಪುಟಗಟ್ಟಲೆ ಮಾತಾಡಿ ಸಾಯುವ ಕಾದಂಬರಿಯನ್ನು, "ಇವರು ಒಬ್ಬನಾದ್ರೂ ಸಾಯೋದು ನೋಡಿಲ್ಲ" ಎಂದು ಮೇಜಿನ ಮೇಲೆ ಒಗೆದಿದ್ದರು. ಅವರಿಗೆ ಕನ್ನಡಕದಕ್ಕನ ಹಿಂದಿನ ಕಥೆ ಗೊತ್ತಿರಲಿಲ್ಲ. ಬೀದಿಯ ಹಳಬರಿಗೆಲ್ಲ ಗೊತ್ತಿತ್ತು.

ಬಹಳ ವರ್ಷಗಳ ಹಿಂದೆ ಅವಳ ಗಂಡ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ ಆಗಿದ್ದ. ಮಿತಭಾಷಿ, ಯಾರ ತಂಟೆಗೂ ಹೋದವನಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಮರೆತ ಸ್ಪ್ಯಾನರ್ ತೆಗೆದುಕೊಳ್ಳಲು ಮನೆಗೆ ಮರಳಿದ. ಆಗ ಹೆಂಡತಿ ಸಾಮಾನು ತರಲು ಹೊರಗೆ ಹೋಗಿದ್ದಳು. ಮನೆಯಲ್ಲಿ ತಾಯಿಯೊಬ್ಬರೇ. ನೀರು ಕೇಳಿ ಕುಡಿದು ಮತ್ತೆ ಹೊರಟ. ಕೆಲಸದ ಜಾಗಕ್ಕೆ ತಲುಪಲಿಲ್ಲ. ಮನೆಗೂ ಬರಲಿಲ್ಲ.

ಪೊಲೀಸರು ಬಂದಾಗ ಅತ್ತೆ ಸೊಸೆಯ ಕಡೆ ಕೈ ತೋರಿಸಿ, "ಇವಳನ್ನೇ ಕೇಳಿ" ಎಂದುಬಿಟ್ಟರು. ಮಗ ಕಾಣೆಯಾದ ಸಂಕಟದಲ್ಲಿ ಬಂದ ಮಾತು. ಆದರೆ ಬಾಯಿಂದ ಹೊರಬಿದ್ದ ಮೇಲೆ ಮಾತು ತನ್ನ ಕೆಲಸ ಮಾಡಿತು. ಮೆಟ್ಟಿಲ ಕೆಳಗಿನ ಗೂಡಿನ ನೆಲವನ್ನು ಅಗೆದು ನೋಡಿದರು. ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ಖಾಲಿ ಮಾಡಿಸಿದರು. ಬೀದಿಯ ಜನ ಕತ್ತೆತ್ತಿ ನಿಂತು ನೋಡಿದರು. ತೊಟ್ಟಿಯಲ್ಲಿ ಪಾಚಿ ಬಿಟ್ಟು ಏನೂ ಸಿಗಲಿಲ್ಲ. ಆದರೂ ಕೆಳಗಿನ ಮನೆಯವರು ಆ ತೊಟ್ಟಿಯ ನೀರನ್ನು ಮತ್ತೆ ಬಾಯಿಗೆ ಹಾಕಲಿಲ್ಲ. ಹೊರಗಿನಿಂದ ಹೊತ್ತು ತಂದು ಕುಡಿದರು, ಆಮೇಲೆ ಮನೆಯನ್ನೇ ಬಿಟ್ಟು ಹೋದರು.

ಅಣ್ಣ ಬಂದು ತನ್ನ ಮನೆಗೆ ಕರೆದ. ಅವಳು ಹೋಗಲಿಲ್ಲ. ಹೋದರೆ, ನೋಡಿ, ಓಡಿಹೋದಳು ಅನ್ನುತ್ತಾರೆ. ಅತ್ತೆಯೂ ಎಲ್ಲೂ ಹೋಗಲಿಲ್ಲ. ಸೊಸೆಯ ಮೇಲೆ ಒಂದು ಕಣ್ಣಿಡಬೇಕಲ್ಲ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತಾ ಮಹಡಿಯ ಮೇಲಿನ ಆ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಉಳಿದರು. ಊಟಕ್ಕೆ ಬನ್ನಿ, ಬಾಗಿಲು ಹಾಕಿಕೋ, ಇಷ್ಟೇ ಮಾತು. ಅವಳು ಪತ್ತೇದಾರಿ ಪುಸ್ತಕ ಹಿಡಿದದ್ದು ಆ ದಿನಗಳಲ್ಲೇ. ಹುಡುಕುವವರು ಹೇಗೆ ಹುಡುಕುತ್ತಾರೆ ಎಂದು ತಿಳಿಯಬೇಕಾಗಿತ್ತು. ಅತ್ತೆಯ ಕಣ್ಣು ಮಂಜಾದಾಗ, "ಏನೇ ಅದು, ದಿನಾ ಅಷ್ಟೊಂದು ಓದ್ತೀಯಲ್ಲ, ಸ್ವಲ್ಪ ಜೋರಾಗಿ ಓದು" ಎಂದರು. ಆ ಮನೆಗೆ ಮಾತು ಮತ್ತೆ ಬಂದದ್ದು ಹಾಗೆ.

ಈಗ ಆ ಗುರುವಾರಕ್ಕೆ ಬರೋಣ. ಅವರು ಓದುತ್ತಿದ್ದ ಹೊಸ ಕಾದಂಬರಿಯಲ್ಲಿ ಒಬ್ಬ ಗಂಡ ಕಾಣೆಯಾಗುತ್ತಾನೆ. ಕಂಡಕ್ಟರ್ ಆ ಪುಸ್ತಕದ ಮಾತೆತ್ತಲು ಹಿಂಜರಿಯುತ್ತಿದ್ದ. ಸಿಸ್ಟರಿಗೆ ಅದು ಹೇಗೆ ತಿಳಿಯಬೇಕು? ಇನ್ನೂ ಅರ್ಧವಷ್ಟೇ ಓದಿದ್ದ ಅವರು ಬ್ಯಾಗನ್ನು ಕೆಳಗಿಡುವ ಮುಂಚೆಯೇ ಹೇಳಿದರು, "ನನಗೆ ಆಗಲೇ ಗೊತ್ತಾಗೋಯ್ತು. ಹೆಂಡತೀನೇ. ಅವಳು ಅಳೋದು ನೋಡಿ, ಅಳತೆ ಮಾಡಿ ಅಳ್ತಾಳೆ. ಇಂಥ ಕೇಸಲ್ಲಿ ಯಾವಾಗಲೂ ಹೆಂಡತೀನೇ."

ಕಂಡಕ್ಟರ್ ನೆಲ ನೋಡತೊಡಗಿದ. ಕನ್ನಡಕದಕ್ಕನ ಕೈಯಲ್ಲಿದ್ದ ಗಾಜಿನ ಅಂಚು ಕಲ್ಲಿಗೆ ತಾಗಿ ಚೂರು ಹಾರಿತು. ಅವಳು ಮೋಟಾರು ಆರಿಸಿದಳು.

"ನಮ್ಮ ಮನೆಯವರೂ ಹಾಗೇ ಹೋದರು ಸಿಸ್ಟರ್" ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು, ಸ್ಪ್ಯಾನರ್, ನೀರಿನ ತೊಟ್ಟಿ, ಅತ್ತೆ ತೋರಿಸಿದ ಕೈ. ಇಷ್ಟು ವರ್ಷದಲ್ಲಿ ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಲು ಬೇಕಾಗಿಯೂ ಇರಲಿಲ್ಲ, ಎಲ್ಲರೂ ನೋಡಿದ್ದೇ.

ಮುಂದಿನ ವಾರ ಸಿಸ್ಟರ್ ಬಂದು ಅವಳ ಕೈ ಹಿಡಿದುಕೊಂಡು, ತಪ್ಪು ತಿಳಿಯಬೇಡಿ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಮೂವರೂ ಪತ್ತೇದಾರಿ ಓದುವವರು. ಸಿಸ್ಟರೇ, "ಒಂದು ಮಾತು ಕೇಳ್ಲಾ? ಅವರಿಗೆ ತಲೆ ಸುತ್ತು ಗಿತ್ತು ಬರ್ತಿತ್ತಾ?" ಎಂದರು.

"ಅದಲ್ಲ ಸಿಸ್ಟರ್" ಎಂದ ಕಂಡಕ್ಟರ್, ಎಷ್ಟೋ ದಿನದಿಂದ ಹೇಳಬೇಕೆಂದಿದ್ದವನ ಹಾಗೆ. "ನನ್ನ ಬಸ್ಸಲ್ಲಿ ಅಂಥೋರನ್ನ ನೋಡಿದೀನಿ. ಕೈಲಿ ಒಂದೇ ಚೀಲ. ಕಿಟಕಿ ಪಕ್ಕ ಕೂತು ಕೊನೇ ಸ್ಟಾಪಿಗೆ ಟಿಕೆಟ್ ತಗೋತಾರೆ. ಬಸ್ಸು ಊರು ದಾಟೋವರೆಗೂ ಹಿಂದೆ ತಿರುಗಲ್ಲ. ಅವರು ಎಲ್ಲೋ ಚೆನ್ನಾಗೇ ಇದಾರೆ ಅಕ್ಕ, ಬೇರೆ ಹೆಸರಲ್ಲಿ."

"ಚೆನ್ನಾಗಿದ್ರೆ ಒಂದು ಸುದ್ದಿನಾದ್ರೂ ಬರ್ತಿತ್ತು. ರಸ್ತೇಲಿ ಬಿದ್ದೋರನ್ನ ಯಾರೋ ಆಸ್ಪತ್ರೆಗೆ ತಂದು ಬಿಟ್ಟು ಹೋಗ್ತಾರೆ. ಹೆಸರು ಹೇಳೋ ಸ್ಥಿತೀಲಿ ಇರಲ್ಲ. ಅಂಥೋರ ಕಣ್ಣು ನಾವೇ ಮುಚ್ಚಿದೀವಿ" ಎಂದರು ಸಿಸ್ಟರ್.

ಆಗ ಮುಂದಿನ ಕೋಣೆಯಿಂದ ಅಣ್ಣ ಬಂದು ಬಾಗಿಲಿಗೆ ಒರಗಿ ನಿಂತ. ಅವನು ಒಂದು ಕಾದಂಬರಿಯನ್ನೂ ಓದಿದವನಲ್ಲ. "ಆಗ ಇವನು ಕೆಲಸಕ್ಕೆ ಹೋಗೋ ದಾರೀಲಿ ದೊಡ್ಡ ಕಟ್ಟಡ ಕಟ್ತಿದ್ರು" ಎಂದ ಮೆಲ್ಲಗೆ. "ಇನ್ನೂ ಲಿಫ್ಟ್ ಕೂರಿಸಿರ್ಲಿಲ್ಲ. ಬರೀ ಗುಂಡಿ. ಇವನಿಗೆ ಲಿಫ್ಟಿನ ಗುಂಡಿ ಕಂಡ್ರೆ ಬಗ್ಗಿ ನೋಡೋ ಚಾಳಿ. ನನಗೆ ಯಾವಾಗಲೂ ಅನ್ನಿಸೋದು, ಯಾರೂ ನೋಡದೇ ಅದರ ಮೇಲೆ ಕಾಂಕ್ರೀಟ್ ಹಾಕಿಬಿಟ್ರಾ ಅಂತ."

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಹೇಳಿ ಅವನು ಮುಂದಿನ ಕೋಣೆಗೆ ಹೋದ.

ಅವತ್ತಿನಿಂದ ಅವಳ ಮನೆಯಲ್ಲಿ ಮೂವರು ಗಂಡಂದಿರು ಸೇರಿಕೊಂಡರು. ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯ ಅಂಚಿನಲ್ಲಿ ಒಬ್ಬ ಕಿಟಕಿಗೆ ಮುಖ ಮಾಡಿ, ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿರುವನು. ಹಾಸಿಗೆಯ ಚಾದರ ಕೊಡವಿ ಹಾಸಿದರೆ ಅದು ಇಳಿದು ಕೂರುವಾಗ ಕೆಳಗೆ ಯಾರೋ ಮಲಗಿದ ಹಾಗೆ ಆಕಾರ ತಳೆಯುವುದು. ಗುರುತಿಲ್ಲದ ಕೈಯೊಂದು ಕಣ್ಣು ಮುಚ್ಚಿಸಿದ ಮುಖ. ಮೂರನೆಯವನು ಕಾಣುತ್ತಿರಲಿಲ್ಲ. ನೆಲ ಒರೆಸುವಾಗ ಕೆಳಗೆ, ಬಹಳ ಕೆಳಗೆ, ಅವನಿದ್ದಾನೆ ಅನ್ನಿಸುತ್ತಿತ್ತು. ಅವಳು ಒರೆಸುವ ಕೈಯನ್ನು ಹಗುರ ಮಾಡುವಳು. ಮೊದಲು ಒಬ್ಬನೇ ಇದ್ದ, ಹೋದವನು. ಅವನೊಡನೆ ಬದುಕುವುದು ಅವಳಿಗೆ ಅಭ್ಯಾಸವಾಗಿತ್ತು.

ಇನ್ನೊಂದು ವಾರ ಕಂಡಕ್ಟರ್ ಮಾತಿನ ಭರದಲ್ಲಿ, "ಯಾವ ಪುಸ್ತಕ ತಗೊಂಡ್ರೂ ಮೊದಲನೇ ಪ್ರಶ್ನೆ ಒಂದೇ, ಕೊನೇಲಿ ಕಂಡೋರು ಯಾರು ಅಂತ" ಎಂದ. ಎಂದವನೇ ನಾಲಿಗೆ ಕಚ್ಚಿಕೊಂಡ. ಕೊನೆಯಲ್ಲಿ ಕಂಡವರು ಅತ್ತೆ. ಅದು ಅವಳಿಗೆ ಹೊಸ ಸಂಗತಿಯೇನಲ್ಲ. ಆದರೆ ತನ್ನ ಮೇಲೆ ಬಂದ ಗುಮಾನಿಯನ್ನು ಹೊತ್ತು ಹೊತ್ತು, ಅದನ್ನು ಇನ್ನೊಬ್ಬರ ಹೆಗಲಿಗೆ ಇಟ್ಟು ನೋಡುವುದು ಅವಳಿಗೆ ಹೊಳೆದಿರಲಿಲ್ಲ. ಈಗ ತಲೆಯೊಳಗೆ ಹುಳ ಹೊಕ್ಕಿತು. ಊಟ ಬಡಿಸುವಾಗ ಅತ್ತೆಯ ಕೈಗಳನ್ನು ನೋಡುವಳು. ಆ ಬೆಳಿಗ್ಗೆ ಈ ಕೈಗಳು ಏನು ಮಾಡಿದ್ದವು?

ರಜೆಯ ದಿನ ಬೆಳಿಗ್ಗೆ ಅತ್ತೆ ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದರು. ಕಣ್ಣಿಲ್ಲದಿದ್ದರೂ ಬೆರಳಿಗೆ ಗೊತ್ತು.

"ಅತ್ತೆ, ಆವತ್ತು ಅವರು ವಾಪಸ್ ಬಂದಾಗ ಏನಂದ್ರು?"

"ಯಾವತ್ತು?"

"ಯಾವತ್ತು ಅಂತ ನಿಮಗೆ ಗೊತ್ತು."

ಅತ್ತೆಯ ಬೆರಳು ನಿಂತಿತು. "ನೀರು ಕೇಳ್ದ. ಕೊಟ್ಟೆ. ಕುಡ್ದು ಹೋದ. ಪೊಲೀಸರಿಗೂ ಅದನ್ನೇ ಹೇಳಿದ್ದು."

"ಬೇರೇನೂ ಅನ್ಲಿಲ್ವಾ?"

"ಇಲ್ಲ." ಅತ್ತೆ ಇನ್ನೊಂದು ಕಾಯಿ ಎತ್ತಿಕೊಂಡು ಬಿಡಿಸಿದರು. "ಈಗಲೂ ಅಷ್ಟೇ. ಬಂದಾಗ ನೀರು ಕುಡೀತಾನೆ. ಮಾತಿಲ್ಲ."

ಈಗಲೂ ಅಂದರೆ ಏನು ಎಂದು ಅವಳು ಕೇಳಿದಳು.

"ಮಧ್ಯಾಹ್ನ ನೀನು ಅಂಗಡೀಲಿರ್ತೀಯ. ಅಪರೂಪಕ್ಕೊಂದು ದಿನ ಮೆಟ್ಟಿಲು ಹತ್ತಿ ಬಂದು ಬಾಗಿಲ ಹತ್ರ ನಿಲ್ತಾನೆ. ಬಾರೋ ಅಂದ್ರೆ ಉತ್ತರ ಇಲ್ಲ. ಅಲ್ಲೇ ಲೋಟದಲ್ಲಿ ನೀರಿಟ್ಟಿರ್ತೀನಿ. ಆಮೇಲೆ ಇಳಿದು ಹೋಗ್ತಾನೆ."

"ಅವರೇ ಅಂತ ಹೇಗೆ ಗೊತ್ತು?"

"ಹೆತ್ತೋಳಿಗೆ ಹೆಜ್ಜೆ ಗೊತ್ತಾಗಲ್ವಾ?" ಎಂದ ಅತ್ತೆ, ತುಸು ತಡೆದು, ಸಣ್ಣ ದನಿಯಲ್ಲಿ ಮುಂದುವರಿಸಿದರು. "ಗೊತ್ತಿಲ್ಲ ಕಣೆ. ಅವನಲ್ದೇನೂ ಇರಬಹುದು. ಅದಕ್ಕೇ ನಿನಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಕೆಲಸ ಬಿಟ್ಟು ಬಾಗಿಲು ಕಾಯ್ತಾ ಕೂತಿರ್ತಿದ್ದೆ."

ಪೊರೆ ತೆಗೆಸಿಕೊಳ್ಳಿ ಎಂದು ಅಣ್ಣ ಎಷ್ಟು ಸಲ ಹೇಳಿದ್ದ. ಅತ್ತೆ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳಲು ಭಯ ಎಂದು ತಳ್ಳಿಹಾಕುತ್ತಿದ್ದರು. ಅದಕ್ಕೂ ಇದೇ ಕಾರಣವೇ ಎಂದು ಅವಳು ಕೇಳಿದಳು.

"ಕಣ್ಣು ಬಂದ್ರೆ ಯಾರು ಅಂತ ಕಂಡುಬಿಡುತ್ತಲ್ಲೇ" ಎಂದರು ಅತ್ತೆ.

ಅವಳು ತನಗೆ ಮೈ ಸರಿಯಿಲ್ಲ ಎಂದು ಅಣ್ಣನಿಗೆ ಹೇಳಿ ಕಳಿಸಿ ಮನೆಯಲ್ಲೇ ಉಳಿದಳು. ಅತ್ತೆ ಭಯಪಟ್ಟಿದ್ದ ಹಾಗೆಯೇ ಬಾಗಿಲು ಕಾಯುತ್ತ ಕೂತಳು. ಒಳಕೋಣೆಯ ಮಂಚದ ಮೇಲೆ, ಪರದೆಯ ಹಿಂದೆ. ಅಲ್ಲಿಂದ ಹೊರಕೋಣೆಯ ನೆಲ, ಅತ್ತೆಯ ಕುರ್ಚಿ, ತುಸುವೇ ತೆರೆದ ಬಾಗಿಲು, ಸ್ಟೂಲಿನ ಮೇಲಿನ ನೀರಿನ ಲೋಟ ಕಾಣುತ್ತಿದ್ದವು. ಕೆಲವು ದಿನ ಯಾರೂ ಬರಲಿಲ್ಲ. ಮುದುಕಿಯ ಭ್ರಮೆ ಎಂದುಕೊಂಡಳು. ಹಾಗೆಂದುಕೊಂಡಾಗ ಎದೆ ಹಗುರವಾದದ್ದೂ ಹೌದು, ಅದರ ಹಿಂದೆಯೇ ಅಳು ಬಂದದ್ದೂ ಹೌದು.

ಆಮೇಲೆ ಒಂದು ಮಧ್ಯಾಹ್ನ, ಬೀದಿ ಊಟ ಮುಗಿಸಿ ಸದ್ದಡಗಿದ್ದ ಹೊತ್ತಿನಲ್ಲಿ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅವಸರವಿಲ್ಲದ, ಗಂಡಸಿನ ಹೆಜ್ಜೆ. ತಿರುವಿನಲ್ಲಿ ಒಂದು ಸಲ ನಿಂತು ಮತ್ತೆ ಹತ್ತಿತು. ಬಾಗಿಲ ಸಂದಿಯಿಂದ ನೆಲದ ಮೇಲೆ ಬಿದ್ದಿದ್ದ ಬೆಳಕನ್ನು ಒಂದು ನೆರಳು ಬಂದು ಮುಚ್ಚಿತು.

ಅವಳು ಏಳಬೇಕೆಂದುಕೊಂಡಳು. ಕಾಲು ಬರಲಿಲ್ಲ. ಕರೆಯಬೇಕೆಂದುಕೊಂಡಳು. ಯಾವ ಹೆಸರಿನಿಂದ ಅವನನ್ನು ಕರೆಯುತ್ತಿದ್ದೆ ಎಂಬುದೇ ನೆನಪಾಗಲಿಲ್ಲ. ರೀ ಎನ್ನುತ್ತಿದ್ದಳು, ಅಷ್ಟೇ.

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಬಂದ್ಯಾ?" ಎಂದರು. "ಒಳಗೆ ಬಾ. ಇವತ್ತು ಅವಳೂ ಇದಾಳೆ."

ನೆರಳು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಬೆಳಕು ಮತ್ತೆ ನೆಲಕ್ಕೆ ಬಿತ್ತು. ಹೆಜ್ಜೆಗಳು ಇಳಿದವು, ಹತ್ತಿದಾಗ ಇದ್ದ ನಿಧಾನ ಈಗಿರಲಿಲ್ಲ.

ಕಾಲಿಗೆ ಜೀವ ಬಂದು ಅವಳು ಕಿಟಕಿಗೆ ಹೋದಾಗ ಬೀದಿಯಲ್ಲಿ ಜನರಿದ್ದರು. ಛತ್ರಿ ಹಿಡಿದವನೊಬ್ಬ, ಚೀಲ ಹೊತ್ತವನೊಬ್ಬ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಬಕ್ಕತಲೆಯವನು, ಔಷಧದ ಅಂಗಡಿಯ ಮುಂದೆ ಇನ್ನಿಬ್ಬರು. ಎಲ್ಲರದೂ ಬೆನ್ನು. ದಿನಾ ಮುಖಗಳನ್ನು ಅಳೆಯುವವಳು ಅವಳು. ಗಂಡನ ಎರಡು ಕಣ್ಣುಗಳ ನಡುವಿನ ಅಂತರವನ್ನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲಳು. ಆದರೆ ಅವನ ಬೆನ್ನನ್ನು ಅವಳು ಯಾವತ್ತೂ ಗಮನವಿಟ್ಟು ನೋಡಿರಲಿಲ್ಲ. ನೋಡಿದ್ದರೂ ಅದು ಇಷ್ಟು ವರ್ಷ ಹಳೆಯ ಬೆನ್ನು.

"ಕಂಡ್ನಾ?" ಎಂದರು ಅತ್ತೆ.

"ಇಲ್ಲ."

"ಹೆಜ್ಜೆ ಕೇಳಿಸ್ತಾ?"

"ಕೇಳಿಸ್ತು ಅತ್ತೆ."

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಹಾಗಾದ್ರೆ ನನಗೆ ಹುಚ್ಚಲ್ಲ" ಎಂದರು.

ಸಂಜೆ ಅವಳು ಕೆಳಗಿನ ಮನೆಗೆ ಈಗ ಬಂದಿರುವವರನ್ನು ವಿಚಾರಿಸಿದಳು. ಮೀಟರ್ ನೋಡುವವನು ಬರುತ್ತಾನೆ, ಪಾರ್ಸೆಲ್ಲಿನವರು ವಿಳಾಸ ತಪ್ಪಿ ಹತ್ತುತ್ತಾರೆ, ಯಾರು ಅಂತ ಹೇಳುವುದು ಎಂದರು ಅವರು. ಅವಳು ಸರಿ ಎಂದು ಮೇಲೆ ಬಂದಳು. ಪೊಲೀಸರ ಬಳಿಗೆ ಹೋಗಲಿಲ್ಲ. ಏನೆಂದು ಹೇಳುವುದು, ನೆಲದ ಮೇಲೆ ನೆರಳು ಬಿತ್ತು ಎಂದೇ?

ಅವಳನ್ನು ಬಾಧಿಸಿದ್ದು ಇನ್ನೊಂದು ಸಂಗತಿ. ಬಂದವನು ಬೇರೆ ಯಾರೋ ಆಗಿದ್ದರೆ ಒಳಗಿರುವುದು ಅವಳಾದರೇನು, ಇನ್ನೊಬ್ಬಳಾದರೇನು? ಅವಳಿದ್ದಾಳೆ ಎಂದ ಕೂಡಲೇ ಯಾಕೆ ಇಳಿದು ಹೋದ? ಅಥವಾ ಮನೆ ತಪ್ಪಿ ಬಂದವನಿಗೆ, ಎಲ್ಲೋ ನೋಡುತ್ತ ಮಾತಾಡುವ ಮುದುಕಿಯನ್ನು ಕಂಡು ಗಾಬರಿಯಾಗಿರಬಹುದು. ಎರಡನ್ನೂ ಅವಳು ನಂಬಿದಳು. ಒಂದೊಂದು ದಿನ ಒಂದೊಂದು.

ಮತ್ತೆ ಅಂಗಡಿಗೆ ಹೋದ ಗುರುವಾರ, ಗಂಡ ಕಾಣೆಯಾಗುವ ಆ ಕಾದಂಬರಿಯ ಕೊನೆಯ ಭಾಗದ ಮೇಲೆ ಮಾತು ನಡೆದಿತ್ತು. ಹೆಂಡತಿ ನಿರಪರಾಧಿ ಎಂದು ಗೊತ್ತಾಗಿ ಸಿಸ್ಟರ್ ಸೋತಿದ್ದರು. ಕೊನೆಯಲ್ಲಿ ಅವಳು ರೈಲ್ವೆ ನಿಲ್ದಾಣದಲ್ಲಿ ಗಂಡನನ್ನು ಕಂಡು, ಜನರನ್ನು ತಳ್ಳಿಕೊಂಡು ಓಡಿ ಹೋಗಿ ಅವನ ತೋಳು ಹಿಡಿಯುತ್ತಾಳೆ.

"ಅಲ್ಲಿ ಮಾತ್ರ ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟು ಚೆನ್ನಾಗಿ ಬರೆದಿದಾನೆ" ಎಂದ ಕಂಡಕ್ಟರ್.

"ಅದೊಂದೇ ಅವನಿಗೆ ಗೊತ್ತಿಲ್ಲ" ಎಂದಳು ಕನ್ನಡಕದಕ್ಕ, ಮರಳಿನ ತಟ್ಟೆಯಿಂದ ಕಡ್ಡಿ ತೆಗೆಯುತ್ತಾ. "ಅವಳು ಓಡಲ್ಲ."

"ಓಡ್ದೆ ಇರ್ತಾಳಾ ಅಕ್ಕ? ಯಾವ ಹೆಂಡತಿಯಾದ್ರೂ ಓಡ್ತಾಳೆ."

"ಓಡಲ್ಲ. ಓಡಿ ಹೋಗಿ ಹಿಡಿದ್ರೆ ಅವನು ತಿರುಗ್ತಾನೆ. ತಿರುಗಿದಾಗ ಅವನು ಅಲ್ದಿದ್ರೆ? ಅವನೇ ಆಗಿದ್ರೆ? ಎರಡಕ್ಕೂ ಅವಳ ಹತ್ರ ಮಾತಿಲ್ಲ. ಕಾಲಿಗೆ ಅದು ಮೊದಲೇ ಗೊತ್ತಿರುತ್ತೆ."

ಸಿಸ್ಟರ್ ಅವಳನ್ನೇ ನೋಡುತ್ತಿದ್ದರು. "ಅತ್ತೇನ ಕೇಳಿದ್ರಾ?" ಎಂದರು.

"ಕೇಳಿದೆ. ಏನೂ ಗೊತ್ತಿಲ್ಲ ಅಂದ್ರು."

ಸಿಸ್ಟರ್ ಮುಂದೆ ಕೆದಕಲಿಲ್ಲ. ಅವತ್ತಿನಿಂದ ಅವರು ಮೂವರೂ ಅವನ ವಿಷಯ ಎತ್ತಲಿಲ್ಲ. ಪುಸ್ತಕಗಳ ಮಾತು ನಿಲ್ಲಲಿಲ್ಲ.

ಕಣ್ಣು ಮಾಡಿಸು ಎಂದು ಕೇಳಿದ್ದು ಅತ್ತೆಯೇ. "ಹೆಜ್ಜೆ ನಿನಗೂ ಕೇಳಿಸ್ತಲ್ಲ, ಇನ್ನು ಯಾರು ಅಂತ ಕಾಣಲಿ" ಎಂದರು. ಸಿಸ್ಟರಿಗೆ ಪರಿಚಯವಿದ್ದ ಡಾಕ್ಟರ ಬಳಿ ಪೊರೆ ತೆಗೆಸಿದರು. ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನೋಡಿದ್ದು ಎದುರು ನಿಂತಿದ್ದ ಸೊಸೆಯನ್ನು. ಬಹಳ ಹೊತ್ತು ನೋಡಿದರು.

"ನಿನಗೂ ವಯಸ್ಸಾಗಿದೆಯಲ್ಲೇ" ಎಂದರು. "ನಾನು ಪೊಲೀಸರಿಗೆ ಕೈ ತೋರಿಸಿದೆನಲ್ಲ, ಆವತ್ತಿನ ಮುಖಾನೇ ಇತ್ತು ನನ್ನ ಕಣ್ಣಲ್ಲಿ. ಇಷ್ಟು ದಿನ ಆ ಮುಖಕ್ಕೇ ಊಟ ಹಾಕು ಅಂತಿದ್ದೆ, ಅದರ ಹತ್ರಾನೇ ಕಥೆ ಓದಿಸ್ಕೊಂಡೆ."

ಅವಳು ಅವರ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಕಡ್ಡಿಯನ್ನು ಕಿವಿಯ ಹಿಂದೆ ಸರಿಪಡಿಸಿದಳು. ಆಟೋದಲ್ಲಿ ಬರುವಾಗ ಅತ್ತೆ ಅವಳ ಕೈ ಬಿಡಲಿಲ್ಲ.

ಆಮೇಲೆ ಯಾರಾದರೂ ಬಂದರೇ? ಅತ್ತೆ ಇಲ್ಲ ಎನ್ನುತ್ತಾರೆ. ಈಗ ಓದಿ ಹೇಳುವವರು ಬೇಡ, ಪುಸ್ತಕ ಅವರೇ ಓದುತ್ತಾರೆ, ಪತ್ತೇದಾರನನ್ನು ಅವರೇ ಬೈಯುತ್ತಾರೆ. ಆದರೆ ಮಧ್ಯಾಹ್ನವಾದರೆ ಪುಸ್ತಕ ಮಗುಚಿ ಕುರ್ಚಿಯನ್ನು ಕಿಟಕಿಗೆ ಎಳೆದುಕೊಳ್ಳುತ್ತಾರೆ. ರಜೆಯ ದಿನ ಸೊಸೆಯೂ ಪಕ್ಕದಲ್ಲಿ ಬಂದು ಕೂರುತ್ತಾಳೆ.

"ಆ ನೀಲಿ ಅಂಗಿಯವನು?" ಎಂದರು ಅತ್ತೆ ಒಂದು ದಿನ.

"ಅಲ್ಲ ಅತ್ತೆ."

"ಹೇಗೆ ಹೇಳ್ತೀಯಾ?"

ನೀಲಿ ಅಂಗಿಯವನು ತಲೆ ತಗ್ಗಿಸಿ ನಡೆಯುತ್ತ, ಬೀದಿಯ ತುದಿಯಲ್ಲಿ ಒಂದು ಕ್ಷಣ ನಿಂತು, ರಸ್ತೆ ದಾಟಿ ಹೋದ. ಅವನು ಮರೆಯಾಗುವವರೆಗೂ ಇಬ್ಬರೂ ನೋಡಿದರು.